ಮೋಟರ್‌ಹೋಮ್‌ನಲ್ಲಿ ಎರಡನೇ ದಿನವೇ ಕರೆಂಟ್ ಯಾಕೆ ಖಾಲಿ?

ಪ್ರಶ್ನೆ: ನಮ್ಮ ಮೋಟರ್‌ಹೋಮ್‌ನಲ್ಲಿ 12 ವೋಲ್ಟ್‌ನ 100 ಎ.ಎಚ್. (ಆಂಪಿಯರ್-ಅವರ್) ಲೆಡ್ ಆಸಿಡ್ ಬ್ಯಾಟರಿ ಇದೆ. ಮೇಲೆ 100 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್. ಹೊರಗಿನ ಕರೆಂಟ್ ಸಿಗದ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಎರಡನೇ ದಿನ ಸಂಜೆಗೆ ಫ್ರಿಜ್ ಆಫ್ ಆಗಿಬಿಡುತ್ತದೆ. ಅದರ ಪಕ್ಕದಲ್ಲೇ 100 ಎ.ಎಚ್. ಲಿಥಿಯಂ ಬ್ಯಾಟರಿ ಒಂದನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿದರೆ ಸಾಕಾ? ನಾಲ್ಕೈದು ದಿನ ನೆಮ್ಮದಿಯಾಗಿ ಇರಬೇಕು.

ಉತ್ತರ: ಸಾಕಾಗುವುದಿಲ್ಲ. ಹೇಗೆ ಅಂತ ಲೆಕ್ಕ ಹಾಕೋಣ ಬನ್ನಿ.

12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತದೆ. ಅದು ಇಡೀ ದಿನ ಓಡುವುದಿಲ್ಲ, ನಿಂತು ನಿಂತು ಓಡುತ್ತದೆ. ಆದರೂ ದಿನಕ್ಕೆ ಅರ್ಧ ಯೂನಿಟ್ ಹತ್ತಿರ ಬೇಕು. ರಾತ್ರಿಯೆಲ್ಲಾ ಫ್ಯಾನ್, ಮೂರು ತಾಸು ಲ್ಯಾಪ್‌ಟಾಪ್, ದೀಪ, ನೀರಿನ ಪಂಪ್, ಫೋನ್ ಚಾರ್ಜಿಂಗ್ ಎಲ್ಲ ಸೇರಿದರೆ ಇನ್ನರ್ಧ ಯೂನಿಟ್. ಅಲ್ಲಿಗೆ ದಿನಕ್ಕೆ ಒಂದು ಯೂನಿಟ್, ಅಂದರೆ 1000 ವ್ಯಾಟ್-ಅವರ್ ಖರ್ಚು.

ಈಗ ಆದಾಯ ನೋಡಿ. ನಿಮ್ಮ ಬ್ಯಾಟರಿಯಲ್ಲಿ ಹೆಸರಿಗೆ 1200 ವ್ಯಾಟ್-ಅವರ್ (12 ವೋಲ್ಟ್ × 100 ಎ.ಎಚ್.) ಇದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ನಂಬಬಹುದಾದದ್ದು 600 ಮಾತ್ರ. ಮೇಲ್ಛಾವಣಿಗೆ ಚಪ್ಪಟೆಯಾಗಿ ಕೂರಿಸಿದ 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನವೂ 300 ವ್ಯಾಟ್-ಅವರ್ ಆಸುಪಾಸು ಕೊಟ್ಟೀತು. ಪ್ರತಿ ದಿನ 700ರ ಕೊರತೆ. ಎರಡನೇ ದಿನ ಸಂಜೆವರೆಗೆ ಫ್ರಿಜ್ ಓಡಿದೆ ಅಂದರೆ ಬ್ಯಾಟರಿಯನ್ನು ಅರ್ಧಕ್ಕಿಂತ ತುಂಬಾ ಕೆಳಗೆ ಇಳಿಸಿಯೇ ಓಡಿದೆ.

ಇನ್ನೊಂದು ಬ್ಯಾಟರಿ ಸೇರಿಸಿದರೆ ಏನಾಗುತ್ತದೆ? ಒಂದೂವರೆ ದಿನ ಜಾಸ್ತಿ ಸಿಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ತೊಟ್ಟಿ ದೊಡ್ಡದು ಮಾಡಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜಾಸ್ತಿ ಬರುತ್ತದಾ? ಎಲ್ಲರೂ ಮೊದಲು ಬ್ಯಾಟರಿ ಕೊಳ್ಳಲು ಹೊರಡುತ್ತಾರೆ. ನನ್ನ ಸಲಹೆ ಉಲ್ಟಾ: ಮೊದಲು ದಿನಕ್ಕೆ ಎಷ್ಟು ತುಂಬುತ್ತದೆ ಅನ್ನೋದನ್ನು ಸರಿ ಮಾಡಿಕೊಳ್ಳಿ.

ಜಾಗ ಇದ್ದರೆ ಸೋಲಾರನ್ನು 400 ವ್ಯಾಟ್‌ಗೆ ಏರಿಸಿ. ಬಿಸಿಲಿನ ದಿನ ನಿಮ್ಮ ಖರ್ಚು ಅಲ್ಲೇ ಹುಟ್ಟುತ್ತದೆ. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದಿರಲಿ, ಅದು ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಕರೆಂಟ್ ಹಿಂಡುತ್ತದೆ. ಮೇಲ್ಛಾವಣಿಗೆ ತೂತು ಕೊರೆಯುವ ಮುಂಚೆ ಒಂದು ಕೆಲಸ ಮಾಡಿ. ಪ್ಯಾನೆಲ್ ಅಳತೆಯ ರಟ್ಟು ಕತ್ತರಿಸಿ ಮೇಲಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತಿ ನೋಡಿ. ಮೇಲಿನ ಫ್ಯಾನಿನ ಮುಚ್ಚಳದ ನೆರಳು ಒಂದು ಮೂಲೆಗೆ ಬಿದ್ದರೂ ಸಾಕು, ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಿಬಿಡಬಹುದು. ಒಳಗಿನ ಸೆಲ್‌ಗಳೆಲ್ಲ ಸೀರೀಸ್‌ನಲ್ಲಿ, ಅಂದರೆ ಸರಪಳಿಯಂತೆ ಒಂದರ ಹಿಂದೆ ಒಂದು ಇರುತ್ತವೆ, ಅದಕ್ಕೇ ಹೀಗೆ. ರಟ್ಟನ್ನು ಅರ್ಧ ಅಡಿ ಆಚೆ ಸರಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಮೋಡ ಕವಿದ ದಿನಕ್ಕೆ ಎಂಜಿನ್ನೇ ಆಸರೆ. ಎಂಜಿನ್ ಮತ್ತು ಒಳಗಿನ ಬ್ಯಾಟರಿ ನಡುವೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಕಡೆಯ ಕರೆಂಟನ್ನು ಮಿತಿಯಲ್ಲಿಟ್ಟು ಬ್ಯಾಟರಿಗೆ ಕೊಡುವ ಸಾಧನ) ಹಾಕಿಸಿ. ಒಂದು ತಾಸು ಗಾಡಿ ಓಡಿಸಿದರೆ ಹತ್ತಿರ ಹತ್ತಿರ 400 ವ್ಯಾಟ್-ಅವರ್ ತುಂಬುತ್ತದೆ. ಈಗಿರುವ ಪ್ಯಾನೆಲ್ ಇಡೀ ದಿನ ದುಡಿದರೂ ಅಷ್ಟು ಕೊಡುವುದಿಲ್ಲ. ಸುಮ್ನೆ ಒಂದು ರಿಲೇ (ತಾನಾಗಿ ಆನ್-ಆಫ್ ಆಗುವ ಸ್ವಿಚ್) ಹಾಕಿ ನೇರವಾಗಿ ಜೋಡಿಸಬೇಡಿ. ಲಿಥಿಯಂ ಬ್ಯಾಟರಿ ಆಲ್ಟರ್ನೇಟರ್‌ನಿಂದ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ) ಎಷ್ಟು ಸಿಕ್ಕಿದರೆ ಅಷ್ಟನ್ನೂ ಎಳೆಯುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್‌ಗೆ ತಂಪು ಸಾಲದೆ ಸುಟ್ಟುಹೋಗುವುದುಂಟು.

ಬ್ಯಾಟರಿಯ ವಿಷಯ ಕೊನೆಗೆ ಬರಲಿ. ಹಳೇ ಲೆಡ್ ಆಸಿಡ್‌ಗೆ ಹೊಸ ಲಿಥಿಯಂ ಅನ್ನು ಪ್ಯಾರಲಲ್ ಆಗಿ ಸೇರಿಸಲೇಬೇಡಿ. ಎರಡರ ವೋಲ್ಟೇಜೇ ಬೇರೆ. ಪೂರ್ತಿ ತುಂಬಿ ಸುಮ್ಮನಿದ್ದಾಗ ಲೆಡ್ ಆಸಿಡ್ 12.7 ವೋಲ್ಟ್ ತೋರಿಸಿದರೆ ಲಿಥಿಯಂ 13.3ರ ಹತ್ತಿರ ಇರುತ್ತದೆ. ಲಿಥಿಯಂ ತನ್ನ ಕರೆಂಟನ್ನು ಹಳೆಯದಕ್ಕೆ ಸುರಿಯುತ್ತಲೇ ಇರುತ್ತದೆ. ಹಳೆಯದನ್ನು ತೆಗೆದು, 200 ಎ.ಎಚ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ. ಎರಡು ಯೂನಿಟ್ ಧೈರ್ಯವಾಗಿ ಬಳಸಬಹುದು. ಸೊನ್ನೆ ಡಿಗ್ರಿಗಿಂತ ಚಳಿ ಇದ್ದಾಗ ಅದನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಆ ರಕ್ಷಣೆ ಇರುವ ಬ್ಯಾಟರಿಯನ್ನೇ ಕೇಳಿ ತೆಗೆದುಕೊಳ್ಳಿ. ಜೊತೆಗೆ ಶಂಟ್ (ಒಳಗೆ ಹೊರಗೆ ಹರಿಯುವ ಕರೆಂಟನ್ನು ಅಳೆಯುವ ಭಾಗ) ಇರುವ ಬ್ಯಾಟರಿ ಮಾನಿಟರ್ ಒಂದು ಬೇಕೇ ಬೇಕು. ಲಿಥಿಯಂನಲ್ಲಿ ಬರೀ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು.

ಪ್ರಶ್ನೆ: 1500 ವ್ಯಾಟ್ ಇನ್ವರ್ಟರ್ ತಂದಿದ್ದೇನೆ. ಅದರ ಜೊತೆ ಬಂದ ವೈರ್ ಗಿಡ್ಡ ಆಯಿತು. ಮನೆಯ ವೈರಿಂಗ್‌ಗೆ ಬಳಸಿ ಉಳಿದ ವೈರ್ ಸೇರಿಸಿ ಉದ್ದ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ನಿಮ್ಮ ಪತ್ರ ಓದಿ ಆತಂಕವಾಯಿತು. ಮನೆಯಲ್ಲಿ 230 ವೋಲ್ಟ್‌ಗೆ 1500 ವ್ಯಾಟ್ ಅಂದರೆ ಆರೇಳು ಆಂಪಿಯರ್. ಅದೇ 1500 ವ್ಯಾಟ್ 12 ವೋಲ್ಟ್‌ನಿಂದ ಬರಬೇಕಾದರೆ 125 ಆಂಪಿಯರ್. ಇನ್ವರ್ಟರ್ ತಾನೇ ತಿನ್ನುವುದನ್ನೂ ಸೇರಿಸಿದರೆ 140. ಮನೆಯ ವೈರ್ ಇದನ್ನು ತಾಳುವುದಿಲ್ಲ, ಪ್ಲಾಸ್ಟಿಕ್ ಕರಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಇನ್ವರ್ಟರನ್ನೇ ಬ್ಯಾಟರಿ ಹತ್ತಿರಕ್ಕೆ ತನ್ನಿ. ಒಂದು ಮೀಟರ್ ಒಳಗೆ, 50 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ.

ಬ್ಯಾಟರಿಯ ಪ್ಲಸ್‌ಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ಕೇಬಲ್ ಕಾಯುವುದಕ್ಕೆ. ಅದರ ಆಂಪಿಯರ್ ಕೇಬಲ್ ತಾಳುವ ಮಿತಿಯನ್ನು ದಾಟಬಾರದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಅಗ್ಗದ ಫ್ಯೂಸ್ ಸುಟ್ಟರೂ ಒಳಗೆ ಕಿಡಿ ಮುಂದುವರಿಯಬಹುದು. ಅಷ್ಟು ಕರೆಂಟನ್ನೂ ಕಡಿದು ನಿಲ್ಲಿಸಬಲ್ಲ ಕ್ಲಾಸ್ ಟಿ ಫ್ಯೂಸ್ ಹಾಕಿಸಿ.

ಲಗ್‌ಗಳನ್ನು (ಬೋಲ್ಟ್‌ಗೆ ಸಿಕ್ಕಿಸಲು ಕೇಬಲ್ ತುದಿಗೆ ಹಾಕುವ ಲೋಹದ ಬಳೆ) ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಿ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಆಮೇಲೆ ಇನ್ವರ್ಟರ್‌ಗೆ ಜಾಸ್ತಿ ಕರೆಂಟ್ ಎಳೆಯುವ ಉಪಕರಣ ಜೋಡಿಸಿ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಒಂದೊಂದೇ ಲಗ್‌ನ ಪಕ್ಕದ ಕೇಬಲ್‌ನ ಹೊದಿಕೆ ಮುಟ್ಟಿ ನೋಡಿ. ಉಳಿದವೆಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿನ ಕ್ರಿಂಪ್ ಅಥವಾ ಬೋಲ್ಟ್ ಸಡಿಲ ಇದೆ.

ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಇನ್ವರ್ಟರ್ ಆಫ್ ಮಾಡಿ. ಏನೂ ಓಡದಿದ್ದರೂ ಅದು 15–20 ವ್ಯಾಟ್ ತಿನ್ನುತ್ತಲೇ ಇರುತ್ತದೆ. ಲ್ಯಾಪ್‌ಟಾಪ್‌ಗೆ 12 ವೋಲ್ಟ್‌ನ ಚಾರ್ಜರ್ ಸಿಗುತ್ತದೆ, ಅದನ್ನೇ ಬಳಸಿ.

ಪ್ರಶ್ನೆ: ರಾತ್ರಿಯಿಡೀ ಎ.ಸಿ. ಬೇಕು. ಮಕ್ಕಳಿದ್ದಾರೆ. ಸಣ್ಣ ಜನರೇಟರ್ ಇಟ್ಟುಕೊಂಡರೆ ಆಗುತ್ತದಾ?

ಉತ್ತರ: ಎ.ಸಿ.ಗೆ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ಬೇಕಾಗುತ್ತದೆ. ಮೇಲ್ಛಾವಣಿಯ ಸೋಲಾರ್‌ನಿಂದ ಅದು ಕಷ್ಟ. ಹೊರಗಿನ ಕರೆಂಟ್ ಸಿಗುವ ಜಾಗದಲ್ಲೇ ತಂಗುವುದು ಒಳ್ಳೆಯದು.

ಮಲಗಿರುವಾಗ ಜನರೇಟರ್ ಮಾತ್ರ ಬೇಡವೇ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ತಿರುಗಿದರೆ ಕಿಟಕಿ ಸಂದಿಯಿಂದಲೂ ಒಳಗೆ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಹಗಲು ಬ್ಯಾಟರಿ ತುಂಬಿಸಲು ಬಳಸುವುದಾದರೆ ಆರೇಳು ಮೀಟರ್ ದೂರ ಇಟ್ಟು, ಹೊಗೆ ಕೊಳವೆಯನ್ನು ನಿಮ್ಮ ಗಾಡಿಯಿಂದಲೂ ಅಕ್ಕಪಕ್ಕದವರಿಂದಲೂ ಆಚೆಗೆ ತಿರುಗಿಸಿ. ಮಲಗುವ ಜಾಗದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಇದನ್ನು ಇವತ್ತೇ ಮಾಡಿ, ಜನರೇಟರ್ ಕೊಳ್ಳದಿದ್ದರೂ ಸರಿ. ಪಕ್ಕದ ಗಾಡಿಯವರು ಓಡಿಸಬಹುದು, ಅಲ್ವಾ?