ಓದುಗರ ಪ್ರಶ್ನೆ: ಊರಿನ ಯೋಜನೆ, ಪಂಚಾಯಿತಿಯ ಹೊಣೆ

ಪ್ರಶ್ನೆ: ನಮ್ಮ ಓಣಿಗೆ ಚರಂಡಿ ಬೇಕೆಂದು ಎರಡು ವರ್ಷದಿಂದ ಗ್ರಾಮ ಸಭೆಯಲ್ಲಿ ಕೇಳುತ್ತಿದ್ದೇವೆ. ‘ಬರೆದುಕೊಂಡಿದ್ದೇವೆ’ ಅನ್ನುತ್ತಾರೆ. ಕ್ರಿಯಾ ಯೋಜನೆಯಲ್ಲಿ ಮಾತ್ರ ಅದು ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದೆ?
– ಸಿಂದಗಿ ತಾಲ್ಲೂಕಿನ ಓದುಗರು

ಉತ್ತರ: ಇಂಥ ಬೇಡಿಕೆ ಹೆಚ್ಚಾಗಿ ಬಿದ್ದುಹೋಗುವುದು ಗ್ರಾಮ ಸಭೆಗೂ ಮುಂಚೆ, ವಾರ್ಡ್ ಸಭೆಯ ಹಂತದಲ್ಲಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಬೇಡಿಕೆಗಳಿಗೆ ಆದ್ಯತೆ ಹಚ್ಚಬೇಕಾದ ಜಾಗ ಅದೇ. ಅಲ್ಲಿ ಕ್ರಮಸಂಖ್ಯೆ ಸಿಗದ ಕೆಲಸ ಗ್ರಾಮ ಸಭೆಗೆ ಬಂದಾಗ ನೂರು ಬೇಡಿಕೆಗಳ ನಡುವೆ ಒಂದಾಗಿಬಿಡುತ್ತದೆ. ಕೊನೆಗೆ ಹಣ ಎಷ್ಟಿದೆ ನೋಡಿ ಆರಿಸುವವರು ಬೇರೆಯವರು.

ಎರಡನೆಯದು, ಬೇಡಿಕೆಯ ಬರವಣಿಗೆ. ‘ಓಣಿಗೆ ಚರಂಡಿ ಮಾಡಿಸಿ’ ಎಂಬ ಸಾಲಿಗೆ ಎಂಜಿನಿಯರ್ ಅಂದಾಜು ಪಟ್ಟಿ ಹಾಕಲಾರರು. ಎಲ್ಲಿಂದ ಎಲ್ಲಿಯವರೆಗೆ, ಉದ್ದ ಎಷ್ಟು, ಒಂದು ಬದಿಯೋ ಎರಡೂ ಬದಿಯೋ, ಎಷ್ಟು ಮನೆಗಳ ನೀರು ಸೇರುತ್ತದೆ, ಆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ. ಕೊನೆಯ ಪ್ರಶ್ನೆಯನ್ನೇ ಜನ ಮರೆಯುತ್ತಾರೆ. 200 ಮೀಟರಿಗೆ 1 ಮೀಟರ್ ಇಳಿಜಾರು ಎಂದು ಹಿಡಿದರೂ 120 ಮೀಟರ್ ಚರಂಡಿಗೆ 60 ಸೆಂ.ಮೀ. ತಗ್ಗು ಬೇಕು. ಅಷ್ಟು ತಗ್ಗು ಸಿಗದಿದ್ದರೆ, ಅಥವಾ ತುದಿಯಲ್ಲಿ ಯಾರದೋ ಹೊಲವಿದ್ದರೆ, ಕಟ್ಟಿದ ಚರಂಡಿಯಲ್ಲೇ ನೀರು ನಿಂತು ಸೊಳ್ಳೆ ಸಾಕುತ್ತದೆ. ಕೊನೆಯಲ್ಲಿ ಇಂಗುಗುಂಡಿಗೆ ಜಾಗ ಇದೆಯೇ ಎಂಬುದನ್ನೂ ಸೇರಿಸಿ. ಜಾಗ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ: ಖಾಸಗಿ ಜಾಗವಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ರಸ್ತೆ ಲೋಕೋಪಯೋಗಿ ಇಲಾಖೆಯದಾದರೆ ಆ ಇಲಾಖೆಯದು ಬೇಕು.

ಮೂರನೆಯದು, ಯಾವ ಹಣದ ಬಾಬ್ತಿನಲ್ಲಿ ಕೇಳುತ್ತೀರಿ ಎಂಬುದು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ, ಅಂದರೆ 2021–22ರಿಂದ 2025–26ರವರೆಗೆ, ಪಂಚಾಯಿತಿಗೆ ಬಂದ ಅನುದಾನದ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಹತ್ತು ಲಕ್ಷ ಬಂದರೆ ನಾಲ್ಕು ಲಕ್ಷವಷ್ಟೇ ಉಳಿದ ಕೆಲಸಗಳಿಗೆ, ಅದರಿಂದ ಸಂಬಳ ಕೊಡುವಂತಿಲ್ಲ. ಎಲ್ಲ ಓಣಿಗಳೂ ಸಿಸಿ ರಸ್ತೆ ಕೇಳಿ ಆ ನಾಲ್ಕು ಲಕ್ಷದ ಮೇಲೆ ಬಿದ್ದರೆ ನಿಮ್ಮ ಸರದಿ ಬರುವುದೇ ಇಲ್ಲ. ಬಚ್ಚಲು ನೀರು ವಿಲೇವಾರಿಯನ್ನು ನೈರ್ಮಲ್ಯದ ಬಾಬ್ತಿನಲ್ಲಿ ಪರಿಗಣಿಸಲು ಬರುತ್ತದೆಯೇ ಎಂದು ಆ ವರ್ಷದ ಮಾರ್ಗಸೂಚಿ ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಸಭೆಯಲ್ಲೇ ಕೇಳಿ, ಉತ್ತರ ನಡಾವಳಿಗೆ ಸೇರಲಿ. ಅರ್ಜಿಯ ಇನ್ನೊಂದು ಪ್ರತಿಗೆ ಮೊಹರು, ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯಿರಿ. ಮುಂದಿನ ವರ್ಷದ ಯೋಜನೆಗೆ ಜನಾಭಿಯಾನ 2018ರಿಂದ ಅಕ್ಟೋಬರ್ 2ಕ್ಕೆ ಶುರುವಾಗುತ್ತ ಬಂದಿದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ತಡವಾಯಿತು. ಅನುಮೋದನೆಯಾದ ಯೋಜನೆ ಇ-ಗ್ರಾಮ್ ಸ್ವರಾಜ್ ಜಾಲತಾಣಕ್ಕೆ ಏರುತ್ತದೆ, ಯಾರು ಬೇಕಾದರೂ ನೋಡಬಹುದು. ಗ್ರಾಮ ಸಭೆಯ ಪಟ್ಟಿಯನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಓದಿ. ಪಟ್ಟಿಯಲ್ಲಿಲ್ಲದ ಕಾಮಗಾರಿ ಅಲ್ಲಿದ್ದರೆ ಕಾರಣ ಕೇಳಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ.

ಪ್ರಶ್ನೆ: ಹತ್ತು ಜನ ಸೇರಿದ್ದ ಗ್ರಾಮ ಸಭೆಗೆ ಆಮೇಲೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿದರು. ಇದು ನಡೆಯುತ್ತದೆಯೇ?
– ಕೊಪ್ಪದಿಂದ ಒಬ್ಬ ಓದುಗರು

ಉತ್ತರ: ನಡೆಯಬಾರದು. ಗ್ರಾಮ ಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಐದು ಸಾವಿರ ಮತದಾರರಿದ್ದರೆ ನೂರು ಜನ ಸಾಕು. ವಾರ್ಡ್ ಸಭೆಗೆ ಹತ್ತನೇ ಒಂದು ಅಥವಾ ಇಪ್ಪತ್ತು. ಬಂದವರಲ್ಲಿ ಶೇ 30 ಮಹಿಳೆಯರಿರಬೇಕು: ನೂರರಲ್ಲಿ 30, ಇಪ್ಪತ್ತರಲ್ಲಿ 6. ಸಭೆ ಮುಗಿಯುವ ಮೊದಲೇ ನಿರ್ಣಯಗಳನ್ನು ಗಟ್ಟಿಯಾಗಿ ಓದಿಸಿ, ಹಾಜರಾತಿಯ ಕೊನೆಯ ಸಹಿಯ ಕೆಳಗೆ ಅಡ್ಡಗೆರೆ ಎಳೆಸಿ, ಒಟ್ಟು ಸಂಖ್ಯೆಯನ್ನು ಅಕ್ಷರದಲ್ಲಿ ಬರೆಸಿ. ಆಮೇಲೆ ಸೇರಿಸಲು ಜಾಗ ಉಳಿಯುವುದಿಲ್ಲ. ಈಗಾಗಲೇ ಆಗಿಹೋದದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಡಾವಳಿ, ಹಾಜರಾತಿ ಪುಟಗಳ ದೃಢೀಕೃತ ಪ್ರತಿ ತೆಗೆಯಿರಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಚರಂಡಿ, ಬೀದಿದೀಪ, ಹಾಜರಾತಿ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ತಿರಸ್ಕರಿಸಲು ನೀವೇ ದಾರಿ ಕೊಟ್ಟಂತೆ.

ಪ್ರಶ್ನೆ: ಹಳ್ಳಿಯ ಯೋಜನೆ, ಪಟ್ಟಣದ ಯೋಜನೆ ಎಲ್ಲಿ ಒಂದಾಗುತ್ತವೆ?
– ಅರಸೀಕೆರೆಯ ಓದುಗರು

ಉತ್ತರ: ಸಂವಿಧಾನದ 243 ಜೆಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯಲ್ಲಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಂಸ್ಥೆಗಳ ಚುನಾಯಿತರಿಂದಲೇ ಆಯ್ಕೆಯಾಗಬೇಕು. ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಗ್ರಾಮ ಪಂಚಾಯಿತಿಯ ಯೋಜನೆ ಮೇಲೆ ಹೋದರೂ ಅಲ್ಲಿ ಅದರ ಪರ ಮಾತಾಡುವ ಚುನಾಯಿತರಿಲ್ಲದಂತಾಯಿತು. ಇದನ್ನು ಸಣ್ಣ ಲೋಪವೆಂದು ಬಿಡಲು ನಮಗೆ ಮನಸ್ಸಿಲ್ಲ.

ಪ್ರಶ್ನೆ: ಸ್ಥಳೀಯ ಸಂಸ್ಥೆ ವರ್ಷವರ್ಷ ಸುಧಾರಿಸಲೇಬೇಕು ಎಂದು ಕಾನೂನು ಮಾಡಿದ ದೇಶ ಇದೆಯೇ? ನಮ್ಮಲ್ಲೂ ಅಂಥ ಮಸೂದೆ ಬಂದರೆ ಏನನ್ನು ನೋಡಬೇಕು?
– ಧಾರವಾಡದ ಕಾನೂನು ವಿದ್ಯಾರ್ಥಿನಿ

ಉತ್ತರ: ಬ್ರಿಟನ್ನಿನ ವೇಲ್ಸ್ 2009ರಲ್ಲಿ ಅದನ್ನೇ ಮಾಡಿತು. ಅಲ್ಲಿನ 22 ಕೌನ್ಸಿಲ್‌ಗಳು ಪ್ರತಿ ವರ್ಷ ಸುಧಾರಣೆಯ ಗುರಿ ಇಟ್ಟುಕೊಳ್ಳಬೇಕು, ಸಾಧಿಸಿದ್ದನ್ನು ಪ್ರಕಟಿಸಬೇಕು, ಮಹಾಲೆಕ್ಕಪರಿಶೋಧಕರು ಪರಿಶೀಲಿಸಬೇಕು ಎಂದಾಯಿತು. ಸೇವೆಯ ಗುಣಮಟ್ಟ, ಲಭ್ಯತೆ, ನ್ಯಾಯಸಮ್ಮತಿ, ದಕ್ಷತೆ ಸೇರಿ ಏಳು ಅಂಶಗಳನ್ನು ಕಾನೂನಿನಲ್ಲೇ ಹೆಸರಿಸಿದರು. ಅದೇ ಕಾನೂನಿನ ಎರಡನೇ ಭಾಗ ಸಮುದಾಯ ಯೋಜನೆಯದು: ಕೌನ್ಸಿಲ್ ಜೊತೆ ಬೇರೆ ಸಾರ್ವಜನಿಕ ಸಂಸ್ಥೆಗಳೂ ಕೂತು ಊರಿನ ಯೋಜನೆ ಮಾಡಬೇಕು. ಈ ಭಾಗವನ್ನು 2015ರ ಕಾನೂನು ಬದಲಿಸಿ, ಕೌನ್ಸಿಲ್, ಆರೋಗ್ಯ ಮಂಡಳಿ, ಅಗ್ನಿಶಾಮಕ ಪ್ರಾಧಿಕಾರ, ನೈಸರ್ಗಿಕ ಸಂಪನ್ಮೂಲ ಸಂಸ್ಥೆ ಈ ನಾಲ್ಕೂ ಸದಸ್ಯರಾಗಿರುವ ಮಂಡಳಿಗಳನ್ನು ತಂದಿತು. ಮೊದಲ ಭಾಗದ ಜಾಗಕ್ಕೆ 2021ರ ಕಾನೂನು ಬಂತು: ವರ್ಷಕ್ಕೊಮ್ಮೆ ಸ್ವಮೌಲ್ಯಮಾಪನ, ಎರಡು ಚುನಾವಣೆಗಳ ನಡುವೆ ಒಮ್ಮೆಯಾದರೂ ಹೊರಗಿನ ತಂಡದ ಮೌಲ್ಯಮಾಪನ.

ನಮ್ಮಲ್ಲಿ ಇಂಥ ಮಸೂದೆ ಬಂದರೆ ನಾವು ಮೊದಲು ಹುಡುಕುವುದು ಕ್ರಿಯಾಪದವನ್ನು. ‘ಪ್ರಯತ್ನಿಸತಕ್ಕದ್ದು’, ‘ಪರಿಗಣಿಸಬಹುದು’ ಎಂದಿದ್ದರೆ ಅದರ ಮೇಲೆ ಯಾರನ್ನೂ ಪ್ರಶ್ನಿಸಲಾಗದು. ಯಾರು, ಯಾವ ತಾರೀಖಿನೊಳಗೆ, ಎಲ್ಲಿ ಪ್ರಕಟಿಸಿ, ತಪ್ಪಿದರೆ ಏನು ಎಂಬ ನಾಲ್ಕೂ ಒಂದೇ ಪ್ರಕರಣದಲ್ಲಿ (ಸೆಕ್ಷನ್) ಸಿಗಬೇಕು. ಆಮೇಲೆ ಪಾಲುದಾರರ ಪಟ್ಟಿ. ವಿದ್ಯುತ್ ಪೂರೈಕೆ ಕಂಪನಿ, ಆರೋಗ್ಯ ಇಲಾಖೆ, ಅರಣ್ಯ ಇಲಾಖೆಗಳು ಪಂಚಾಯಿತಿಯ ಅಧೀನದಲ್ಲಿಲ್ಲ. ಅವು ಸಭೆಗೆ ಬಂದು ಲಿಖಿತ ಉತ್ತರ ಕೊಡಲೇಬೇಕೆಂದು ಮಸೂದೆ ಹೇಳದಿದ್ದರೆ, ಜನರ ಯೋಜನೆಯಲ್ಲಿ ಅವುಗಳ ಪಾಲು ಖಾಲಿಯೇ ಉಳಿಯುತ್ತದೆ. ಹೊಸ ಹೊಣೆಗೆ ಸಿಬ್ಬಂದಿ, ಹಣ ಎಲ್ಲಿಂದ ಎಂಬುದು ಮಸೂದೆಯ ಜೊತೆಗಿರುವ ಆರ್ಥಿಕ ಜ್ಞಾಪನ ಪತ್ರದಲ್ಲಿರುತ್ತದೆ, ಅದನ್ನು ಓದದೆ ಬಿಡಬೇಡಿ.

ಪ್ರಶ್ನೆ: ಕರಡಿಗೆ ಆಕ್ಷೇಪಣೆ ಬರೆಯುವುದು ಹೇಗೆ?
– ಅದೇ ಓದುಗರು

ಉತ್ತರ: ಕರಡು ನಿಯಮ ಮತ್ತು ಮಸೂದೆ ಬೇರೆ ಬೇರೆ. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದು, ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಮಸೂದೆ ಸದನದಲ್ಲಿ ಮಂಡನೆಯಾದ ಮೇಲೆ ಜನರಿಗೆ ಅವಕಾಶ ತೆರೆಯುವುದು ಪರಿಶೀಲನಾ ಸಮಿತಿಗೆ ಹೋದರೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ, ಜಂಟಿ ಪರಿಶೀಲನಾ ಸಮಿತಿಗೆ ಹೋಗಿ, 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಆ ನಡುವಿನ ತಿಂಗಳುಗಳೇ ಬರೆಯುವ ಕಾಲ.

ಪ್ರತಿ ಆಕ್ಷೇಪಣೆಯಲ್ಲಿ ಪ್ರಕರಣದ ಸಂಖ್ಯೆ, ಈಗಿರುವ ಪದಗಳು, ಅವುಗಳ ಬದಲು ನೀವು ಬಯಸುವ ಪದಗಳು, ಎರಡು ಮೂರು ಸಾಲಿನ ಕಾರಣ ಇರಲಿ. ‘ಜನವಿರೋಧಿ’ ಎಂದು ಬರೆದ ಪತ್ರದಿಂದ ಕರಡಿನ ಒಂದು ಅಕ್ಷರವೂ ಬದಲಾಗದು, ‘ಬಹುದು’ ಎಂಬಲ್ಲಿ ‘ತಕ್ಕದ್ದು’ ಎಂದಾಗಲಿ ಎಂದು ಬರೆದರೆ ಸಮಿತಿ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಒಂದೇ ಒಕ್ಕಣೆಯ ನೂರು ಪತ್ರಗಳಿಗಿಂತ, ತಮ್ಮ ವಾರ್ಡಿನಲ್ಲಿ ಆ ಪ್ರಕರಣದಿಂದ ಏನಾಗುತ್ತದೆ ಎಂದು ಲೆಕ್ಕ ಸಮೇತ ತೋರಿಸಿದ ಐದು ಪತ್ರ ಮೇಲು. ಸಾಧ್ಯವಾದರೆ ಗ್ರಾಮ ಸಭೆಯಲ್ಲೇ ನಿರ್ಣಯ ಮಾಡಿಸಿ, ಅದರ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.