ಬಾಸೂರು ಕಾವಲಿಗೆ ಚೀತಾ ತರಬಹುದೇ?

ಪ್ರಶ್ನೆ: ನಮ್ಮ ಬಾಸೂರು ಅಮೃತಮಹಲ್ ಕಾವಲಿನಲ್ಲಿ (ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು) ಕೃಷ್ಣಮೃಗಗಳಿವೆ. ಮಧ್ಯಪ್ರದೇಶದ ಕುನೋ ಉದ್ಯಾನದಲ್ಲಿ ಬಿಟ್ಟಂತೆ ಇಲ್ಲೂ ಚೀತಾ ಬಿಡಬಹುದಲ್ಲವೇ? ತೋಟಕ್ಕೆ ಬರುವ ಚಿರತೆಯೂ ಅದೂ ಒಂದೇ ಜಾತಿಯೇ?
– ಓದುಗರೊಬ್ಬರು, ಕಡೂರು

ಉತ್ತರ: ಜಾತಿ ಬೇರೆ. ಚಿರತೆಯದು ಉಂಗುರದಂಥ ಮಚ್ಚೆ. ಚೀತಾಗೆ ತುಂಬಿದ ಕಪ್ಪು ಚುಕ್ಕೆ, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ; ಉಗುರು ಪೂರ್ತಿ ಒಳಸರಿಯದ್ದರಿಂದ ಹೆಜ್ಜೆಯಲ್ಲೂ ಮೂಡುತ್ತದೆ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಚೆಂದದ ಹೆಸರೇ ಇದೆ, ಬಳಸೋಣ.

ಬೇಟೆಯ ಜೊತೆಗೆ ಅದನ್ನು ಅಳಿಸಿದ್ದು ಸಾಕಣೆಯ ಹುಚ್ಚು. ಅರಸರು ಅದರಿಂದ ಬೇಟೆಯಾಡಿಸಲೆಂದು ಕಾಡಿನಿಂದ ಹಿಡಿದು ತಂದರು. ಬೋನಿನಲ್ಲಿ ಅದು ಮರಿ ಹಾಕುವುದು ಅಪರೂಪ, ಹಾಗಾಗಿ ಮತ್ತೆ ಮತ್ತೆ ಹಿಡಿದರು. ಹುಲ್ಲುಗಾವಲು ಹೊಲವಾಯಿತು. 1947ರ ಸುಮಾರಿಗೆ ಈಗಿನ ಛತ್ತೀಸಗಡದಲ್ಲಿರುವ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರನ್ನು ಗುಂಡಿಕ್ಕಿದರು. 1952ರಲ್ಲಿ ಭಾರತದಲ್ಲಿ ಅಳಿದುಹೋಯಿತೆಂದು ಘೋಷಣೆಯಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಸಿವಂಗಿ ಕುನೋಗೆ ಬಂದವು. ಮಳೆಗಾಲದಲ್ಲಿ ರೇಡಿಯೋ ಕೊರಳಪಟ್ಟಿಯಡಿ ತೇವ ನಿಂತು, ಗಾಯಕ್ಕೆ ಹುಳ ಬಿದ್ದು, ನಂಜೇರಿ ಕೆಲವು ಸತ್ತದ್ದು ನೋವಿನ ಸಂಗತಿ.

ಬಾಸೂರಿಗೆ ಬೇಡ. ಕುನೋ ಉದ್ಯಾನವೇ 748 ಚದರ ಕಿ.ಮೀ.; ನಮೀಬಿಯಾದಲ್ಲಿ ಒಂದೊಂದು ಸಿವಂಗಿ ಸಾವಿರ ಚದರ ಕಿ.ಮೀ. ಮೀರಿ ಅಲೆಯುತ್ತದೆ. ಬಾಸೂರು ಕಾವಲು ಹತ್ತೂ ಇಲ್ಲ. ಬಿಟ್ಟರೆ ಮರುದಿನವೇ ಅದು ಯಾರದೋ ಕುರಿಹಟ್ಟಿಯಲ್ಲಿರುತ್ತದೆ.

ಇರುವ ಕೃಷ್ಣಮೃಗ ಉಳಿಸಿ. ಹುಲ್ಲುಗಾವಲನ್ನು ಬರಡು ಭೂಮಿಯೆಂದು ತಿಳಿದು ನೀಲಗಿರಿ, ಅಕೇಶಿಯಾ ನೆಡಬೇಡಿ. ನೆರಳು ಬಿದ್ದಲ್ಲಿ ಹುಲ್ಲು ಸಾಯುತ್ತದೆ. ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಬೇಕು, ಬರೀ ಕಡಿದರೆ ಮತ್ತೆ ಚಿಗುರುತ್ತದೆ. ಊರ ನಾಯಿಗಳನ್ನು ಕಾವಲಿಗೆ ಬಿಡಬೇಡಿ, ಎಳೆಮರಿಗಳಿಗೆ ಅವೇ ಕಂಟಕ.