55 ದಾಟಿದವರು ಕೊಡಗಿನ ಕೌಟುಂಬಿಕ ಹಾಕಿಗೆ ಭಾರ ಎತ್ತಿ ತಯಾರಾಗಬಹುದಾ?

ಧಾರಾಳವಾಗಿ. ವಯಸ್ಸಾದಂತೆ ಜಾಸ್ತಿ ಸೊರಗುವುದು ದಿಢೀರ್ ಓಟಕ್ಕೆ ಬೇಕಾದ ಸ್ನಾಯುವಿನ ಎಳೆಗಳು. ಬರೀ ವಾಕಿಂಗ್‌ನಿಂದ ಅವು ಉಳಿಯುವುದಿಲ್ಲ, ಭಾರ ಬೇಕು. ಕುಟುಂಬಕ್ಕೊಂದು ತಂಡ ಕಟ್ಟಿ ಆಡುವ ಈ ಬೇಸಿಗೆಯ ಪಂದ್ಯಕ್ಕೆ ಮಾರ್ಚ್‌ನಲ್ಲಿ ಶುರು ಮಾಡಿದರೆ ತಡ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ವಾರಕ್ಕೆ 2 ದಿನ ಇದಕ್ಕೆ ಬಿಡುವು ಮಾಡಿಕೊಳ್ಳಿ.

ಸ್ಟಿಕ್ ನೆಲಕ್ಕೆ ತಾಗಿಸಿ ಬಾಗಿ ಓಡುವ ಆಟ ಇದು, ಸೊಂಟಕ್ಕೇ ಪೆಟ್ಟು ಅಲ್ವಾ? ಹಾಗಾಗಿ ಸೊಂಟ ಗಟ್ಟಿ ಮಾಡಲು ನನ್ನ ಮೊದಲ ಆಯ್ಕೆ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಭಾರ ಎತ್ತಿ ನೇರ ನಿಲ್ಲುವುದು. ಬೆನ್ನು ನೇರ ಇಟ್ಟು, ಸೊಂಟದ ಕೀಲಿನಿಂದ ಬಾಗಿ ಎತ್ತಿ. ಹಗುರವಾಗಿ ಕಲಿತು, ನಿಧಾನಕ್ಕೆ ತೂಕ ಏರಿಸಿ. 5–6 ಸಲ ಸಾಕು; ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ಇಳಿಸಿಬಿಡಿ. ಜೊತೆಗೆ ಒಂಟಿ ಕಾಲಿನ ಸ್ಕ್ವಾಟ್ (ಒಂದೇ ಕಾಲಿನ ಮೇಲೆ ಕೂತು ಏಳುವುದು). ಎರಡು ಅಭ್ಯಾಸಗಳ ನಡುವೆ 2 ದಿನ ವಿಶ್ರಾಂತಿ ಕೊಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ, ಉಸಿರು ಬಿಗಿಹಿಡಿದು ಎತ್ತಲೇಬೇಡಿ.